ಕಾನ್ಸ್‌ಟೇಬಲ್ ಆಗಿ ಸೇರಲಾ, ಪಿಎಸ್‌ಐಗೇ ಕಾಯಲಾ? ಯಾವ ರ್‍ಯಾಂಕ್‌ಗೆ ಪವರ್ ಜಾಸ್ತಿ?

ನಿಮ್ಮ ಪ್ರಶ್ನೆ ಓದಿ ಕಾಪುವಿನ ಒಂದು ಸೈಬರ್ ಸೆಂಟರ್ ನೆನಪಾಯಿತು. ನಾನೂ ಬಿಕಾಂ ಮುಗಿಸಿ ಹೀಗೇ ಸ್ಟಾರ್ ಎಣಿಸುತ್ತಾ ಕೂತಿದ್ದವನು. ತೋಳಿನಲ್ಲಿ ಮೂರು ಪಟ್ಟಿ ಹೆಡ್ ಕಾನ್ಸ್‌ಟೇಬಲ್, ಹೆಗಲಲ್ಲಿ ಒಂದು ಸ್ಟಾರ್ ಎಎಸ್‌ಐ, ಎರಡು ಪಿಎಸ್‌ಐ (ಸಬ್ ಇನ್‌ಸ್ಪೆಕ್ಟರ್), ಮೂರು ಇನ್‌ಸ್ಪೆಕ್ಟರ್. ಮೂರೇ ಸ್ಟಾರ್ ಇದ್ದು ಕೆಂಪು-ನೀಲಿ ರಿಬ್ಬನ್ ಇಲ್ಲದಿದ್ದರೆ ಡಿವೈಎಸ್‌ಪಿ. ಎಲ್ಲ ಬಾಯಿಪಾಠ. ಏನು ಪ್ರಯೋಜನ?

ಆ ವರ್ಷ ಎರಡು ಅರ್ಜಿ ಕರೆದಿದ್ದರು. ಸಿವಿಲ್ ಪಿಸಿ, ಅಂದರೆ ಠಾಣೆಯ ಕಾನ್ಸ್‌ಟೇಬಲ್‌ಗೆ ಪಿಯುಸಿ ಆಗಿರಬೇಕು. ಎಪಿಸಿ, ಅಂದರೆ ಸಶಸ್ತ್ರ ಕಾನ್ಸ್‌ಟೇಬಲ್‌ಗೆ ಎಸ್ಸೆಸ್ಸೆಲ್ಸಿ ಸಾಕು. ಪಕ್ಕದಲ್ಲಿ ಭಾವ ಕೂತಿದ್ದರು. "ಸಿವಿಲ್‌ಗೆ ಡಿಗ್ರಿಯವರೆಲ್ಲ ಮುಗಿಬೀಳ್ತಾರೆ ಮಾರಾಯ. ಪೊಲೀಸ್ ಅಂದ್ರೆ ಪೊಲೀಸ್. ಎಪಿಸಿ ಹಾಕು, ಒಳಗೆ ಹೋದ ಮೇಲೆ ಸ್ಟೇಷನ್‌ಗೆ ಬದಲಾಯಿಸಿಕೊಂಡ್ರೆ ಆಯ್ತು" ಅಂದರು. ಹಾಕಿದೆ. ಅದೊಂದನ್ನೇ ಹಾಕಿದೆ. ಇನ್ನೊಂದು ಅರ್ಜಿಯ ಫೀಸು ಉಳಿಯಿತು ಅಂತ ಇಬ್ಬರೂ ಗೋಳಿಬಜೆ ತಿಂದು ಮನೆಗೆ ಬಂದೆವು.

ಅದು ಸುಮ್ನೆ ಬದಲಾಯಿಸಿಕೊಳ್ಳುವ ಬಾಬತ್ತಲ್ಲ. ನನಗಂತೂ ಆಗಲಿಲ್ಲ. ಅಲ್ಲಿನ ಏಣಿಯೇ ಬೇರೆ: ಎಪಿಸಿ, ಎಎಚ್‌ಸಿ (ಸಶಸ್ತ್ರ ಹೆಡ್ ಕಾನ್ಸ್‌ಟೇಬಲ್), ಎಆರ್‌ಎಸ್‌ಐ, ಆರ್‌ಎಸ್‌ಐ (ರಿಸರ್ವ್ ಸಬ್ ಇನ್‌ಸ್ಪೆಕ್ಟರ್), ಆರ್‌ಪಿಐ (ರಿಸರ್ವ್ ಇನ್‌ಸ್ಪೆಕ್ಟರ್). ಆರ್‌ಎಸ್‌ಐ ಹೆಗಲಲ್ಲೂ ಪಿಎಸ್‌ಐ ಥರವೇ ಎರಡು ಸ್ಟಾರ್. ಆದರೆ ಪಿಎಸ್‌ಐ ಎಫ್‌ಐಆರ್ ಹಾಕುತ್ತಾರೆ, ತನಿಖೆ ಮಾಡುತ್ತಾರೆ. ಆರ್‌ಎಸ್‌ಐ ಪರೇಡ್, ಕೋವಿ, ವ್ಯಾನ್, ಗಾರ್ಡ್ ಡ್ಯೂಟಿ ನೋಡಿಕೊಳ್ಳುತ್ತಾರೆ.

ಒಂದು ದಿನ ಹಿರಿಯಡ್ಕ ಜೈಲಿನಿಂದ ಒಬ್ಬನನ್ನು ಉಡುಪಿ ಕೋರ್ಟಿಗೆ ಕರೆತಂದಿದ್ದೆ. ಜಗಲಿಯಲ್ಲಿ ಅವನ ಮಣಿಕಟ್ಟು ಹಿಡಿದು ನಿಂತಿದ್ದೇನೆ, ಹೊರಗೆ ಧೋ ಮಳೆ. "ಸರ್, ನನ್ನ ಕೇಸ್ ಏನಾಯ್ತು?" ಅಂತ ಕೇಳಿದ. ವಾರಂಟಿನಲ್ಲಿದ್ದ ಅವನ ಹೆಸರು ಬಿಟ್ಟರೆ ನನಗೇನು ಗೊತ್ತು? ಅಷ್ಟರಲ್ಲಿ ಠಾಣೆಯ ಕೋರ್ಟ್ ಪಿಸಿ ಫೈಲ್ ಹಿಡಿದು ಬಂದ. ಸರ್ವಿಸಿನಲ್ಲಿ ನನಗಿಂತ ಎರಡು ವರ್ಷ ಚಿಕ್ಕ ಹುಡುಗ. ಸಾಕ್ಷಿ ಯಾರು, ಮುಂದಿನ ಡೇಟ್ ಯಾವಾಗ, ಎಲ್ಲ ಪಟಪಟ ಹೇಳಿದ. ನಾವಿಬ್ಬರೂ ಕಾನ್ಸ್‌ಟೇಬಲ್‌ಗಳೇ, ಸಂಬಳದ ಸ್ಕೇಲೂ ಒಂದೇ. ಕೈದಿ ಮಾತ್ರ ಆಮೇಲೆ ನನ್ನ ಹತ್ತಿರ ಏನೂ ಕೇಳಲಿಲ್ಲ.

ಡಿಎಆರ್, ಅಂದರೆ ನಮ್ಮ ಜಿಲ್ಲಾ ಸಶಸ್ತ್ರ ಮೀಸಲು ಪಡೆಯ ಕೆಲಸ ಕೀಳು ಅಂತಲ್ಲ. ಉಡುಪಿ ಕೃಷ್ಣಮಠದ ಪರ್ಯಾಯ ಉತ್ಸವದ ರಾತ್ರಿ ರಥಬೀದಿಯಲ್ಲಿ ಬೆಳಗಿನವರೆಗೆ ನಿಂತು ನೋಡಿ, ಗೊತ್ತಾಗುತ್ತದೆ. ನನಗೆ ಬೇಕಿದ್ದದ್ದು ತನಿಖೆ, ಅಷ್ಟೇ.

ಹಾಗಾಗಿ ಯಾವ ರ್‍ಯಾಂಕ್‌ಗೆ ಪವರ್ ಜಾಸ್ತಿ ಅನ್ನುವ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣುವುದಿಲ್ಲ. ಅದು ಊರಿಂದ ಊರಿಗೂ ಬದಲಾಗುತ್ತದೆ. ಉಡುಪಿಯಲ್ಲಿ ನಿಷೇಧಾಜ್ಞೆಗೆ ಎಸ್‌ಪಿಯವರು ಡಿಸಿಗೆ ಬರೆಯಬೇಕು. ಮಂಗಳೂರು ಸಿಟಿಯಲ್ಲಿ 2010ರಿಂದ ಕಮಿಷನರೇಟ್, ಅಲ್ಲಿ ಕಮಿಷನರೇ ಹೊರಡಿಸುತ್ತಾರೆ. ಅದೇ ಜಿಲ್ಲೆಯ ಬಂಟ್ವಾಳ, ಪುತ್ತೂರಿಗೆ ಹೋದರೆ ಮತ್ತೆ ಎಸ್‌ಪಿ, ಮತ್ತೆ ಡಿಸಿಗೆ ಬರೆಯಬೇಕು.

ಪಿಎಸ್‌ಐಗೆ ಅಂತ ಮನೆಯಲ್ಲಿ ಕೂರಲೇಬೇಡಿ ಮಾರಾಯ್ರೆ. 545 ಹುದ್ದೆಯ ಪರೀಕ್ಷೆ 2021ರ ಅಕ್ಟೋಬರ್‌ನಲ್ಲಿ ನಡೆಯಿತು, ಅಕ್ರಮ ಹೊರಬಿದ್ದು 2022ರಲ್ಲಿ ರದ್ದಾಯಿತು, ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ನನ್ನ ಗೆಳೆಯನೊಬ್ಬ ಅಷ್ಟೂ ದಿನ ಬೇರೆ ಕೆಲಸ ಹಿಡಿಯದೆ ಕಾದ. ಸಿವಿಲ್ ಪಿಸಿ ಸಿಕ್ಕರೆ ಕಣ್ಣುಮುಚ್ಚಿ ಸೇರಿ. ಬೀಟ್ ಮಾಡಿ, ಸ್ಟೇಷನ್ ರೈಟರ್ ಪಕ್ಕ ಕೂತು ಬರವಣಿಗೆ ಕಲಿಯಿರಿ. ಕೆಲಸದಲ್ಲಿದ್ದುಕೊಂಡೇ ಪಿಎಸ್‌ಐ ಪರೀಕ್ಷೆ ಬರೆಯಬಹುದು.

ಓಟ ಇವತ್ತೇ ಶುರುಮಾಡಿ. 1600 ಮೀಟರ್, ಆರೂವರೆ ನಿಮಿಷ. ಮಲ್ಪೆಯ ಮರಳಿನಲ್ಲಿ ಓಡಿ ರೂಢಿಯಾದರೆ ಅಜ್ಜರಕಾಡಿನ ಟ್ರ್ಯಾಕ್ ಸಲೀಸು. ಅರ್ಜಿಯ ಮೇಲೆ 'ಸಿವಿಲ್' ಅಂತ ಇದೆಯಾ ಎರಡು ಸಲ ನೋಡಿ. ಎಪಿಸಿಗೂ ಹಾಕುವುದಾದರೆ ಎರಡಕ್ಕೂ ಫೀಸು ಕಟ್ಟಿ. ಭಾವ ಇದ್ದರೆ ಮನೆಯಲ್ಲೇ ಬಿಟ್ಟು ಹೋಗಿ.