ಪುಟ್ಟ ಮಕ್ಕಳು, ಅಜ್ಜಿ-ತಾತ ಜೊತೆಗಿದ್ದರೆ ಡಿಸ್ನಿಯ ಫೋರ್ಟ್ ವೈಲ್ಡರ್ನೆಸ್ ಕ್ಯಾಬಿನ್ ಒಳ್ಳೆಯದಾ?

ಎರಡು ಮತ್ತು ಐದು ವರ್ಷದ ಮಕ್ಕಳು, ಊರಿನಿಂದ ಬರುವ ನಿಮ್ಮ ಅಪ್ಪ-ಅಮ್ಮ, ಒಟ್ಟು ಆರು ಜನ ಫ್ಲೋರಿಡಾದ ಡಿಸ್ನಿ ವರ್ಲ್ಡ್‌ಗೆ ಹೊರಟಿದ್ದೀರಿ. ಹೋಟೆಲ್‌ನಲ್ಲಿ ಎರಡು ರೂಮು ತೆಗೆದುಕೊಳ್ಳುವುದೋ, ಡಿಸ್ನಿಯದೇ ಕಾಡಿನಂಥ ತಂಗುದಾಣವಾದ ಫೋರ್ಟ್ ವೈಲ್ಡರ್ನೆಸ್‌ನಲ್ಲಿ ಒಂದು ಕ್ಯಾಬಿನ್ನೋ (ಪುಟ್ಟ ಬಿಡಿ ಮನೆ) ಎಂದು ಕೇಳಿದ್ದೀರಿ. ನಾನು ಕ್ಯಾಬಿನ್ ಅನ್ನುತ್ತೇನೆ. ಆದರೆ ಪಾರ್ಕಿಗೆ ಹೋಗದೆ ಒಂದು ಇಡೀ ದಿನವನ್ನಾದರೂ ಅಲ್ಲೇ ಕಳೆಯುವ ಮನಸ್ಸು ನಿಮಗಿರಬೇಕು. ಬರೀ ರಾತ್ರಿ ಮಲಗುವುದಕ್ಕಾದರೆ ಸುಮ್ನೆ ದುಡ್ಡು ದಂಡ.

ನಾವು ಶಾರ್ಲೆಟ್‌ನಿಂದ ಕಾರಿನಲ್ಲಿ ಹೋಗಿದ್ದೆವು. ನಿಮ್ಮ ಹಾಗೇ ಚಿಕ್ಕ ಮಕ್ಕಳು, ಜೊತೆಗೆ ಅತ್ತೆ-ಮಾವ. ನಮಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಅಡುಗೆಮನೆ. ಒಲೆ, ದೊಡ್ಡ ಫ್ರಿಜ್, ಡಿಶ್‌ವಾಷರ್, ಪಾತ್ರೆ, ತಟ್ಟೆ ಎಲ್ಲವೂ ಇರುತ್ತವೆ. ಕುಕ್ಕರ್ ಮಾತ್ರ ನೀವೇ ಒಯ್ಯಿರಿ. ಬೆಳಿಗ್ಗೆ ಉಪ್ಪಿಟ್ಟು, ರಾತ್ರಿ ಅನ್ನ-ಸಾರು ಸಿಕ್ಕಿದರೆ ಹಿರಿಯರು ಎಷ್ಟು ಗೆಲುವಾಗಿರುತ್ತಾರೆ ಎಂದು ನಿಮಗೇ ಗೊತ್ತು. ಒಗ್ಗರಣೆ ಹಾಕುವ ಮೊದಲು ಒಲೆಯ ಮೇಲಿನ ಫ್ಯಾನ್ ಹಾಕಿ, ಇಲ್ಲದಿದ್ದರೆ ಹೊಗೆ ಅಲಾರಂ ಹೊಡೆದುಕೊಂಡು ಮಲಗಿದ ಮಗು ಎದ್ದುಬಿಡುತ್ತದೆ. ಪಾರ್ಕಿನೊಳಕ್ಕೂ ಮನೆಯ ತಿಂಡಿ ಒಯ್ಯಬಹುದು. ಗಾಜಿನ ಡಬ್ಬಿ ಬೇಡ, ಬಿಸಿ ಮಾಡಬೇಕಾದ ತಿಂಡಿಯೂ ಬೇಡ. ಚಪಾತಿ ಸುತ್ತಿ ಕೊಡುವುದೇ ಸುಲಭ.

ಈಗಿರುವ ಹೊಸ ಕ್ಯಾಬಿನ್‌ಗಳು 2024ರ ಜುಲೈನಲ್ಲಿ ಶುರುವಾದವು. ಬೆಡ್‌ರೂಮಿನಲ್ಲಿ ಇಬ್ಬರು ಮಲಗುವ ಒಂದು ಕ್ವೀನ್ ಮಂಚ ಮತ್ತು ಒಂದರ ಮೇಲೊಂದಿರುವ ಬಂಕ್ ಬೆಡ್, ಹಾಲ್‌ನಲ್ಲಿ ಗೋಡೆಯಿಂದ ಕೆಳಗೆ ಇಳಿಸುವ ಇನ್ನೊಂದು ದೊಡ್ಡ ಮಂಚ. ಅಪ್ಪ-ಅಮ್ಮನಿಗೆ ಹಾಲ್ ಬಿಟ್ಟುಕೊಟ್ಟು ನೀವು ಮಕ್ಕಳ ಜೊತೆ ಒಳಗೆ ಮಲಗಿ. ಮಧ್ಯೆ ಬಾಗಿಲು ಇದೆಯಲ್ಲ, ಮಧ್ಯಾಹ್ನ ಚಿಕ್ಕದನ್ನು ಮಲಗಿಸಿದರೂ ಉಳಿದವರು ಪಿಸುಗುಡುತ್ತಾ ಕೂರಬೇಕಿಲ್ಲ. ಬಂಕ್‌ನ ಮೇಲಿನ ಹಾಸಿಗೆ ಐದು ವರ್ಷದವರಿಗೂ ಬೇಡ. ಎರಡು ವರ್ಷದ ಮಗುವಿಗೆ ಮಡಚುವ ತೊಟ್ಟಿಲು ಕೇಳಿದರೆ ಪುಕ್ಕಟೆ ಕೊಡುತ್ತಾರೆ. ಬಾತ್‌ರೂಮ್ ಒಂದೇ, ಆರು ಜನಕ್ಕೆ ಅದು ನಿಜವಾಗಿಯೂ ತೊಂದರೆ. ಬೆಳಿಗ್ಗೆ ಬೇಗ ಏಳುವ ಅಜ್ಜಿ-ತಾತ ಮೊದಲೇ ಸ್ನಾನ ಮುಗಿಸಿದರೆ ನಡೆಯುತ್ತದೆ.

ಇನ್ನು ದೂರದ ಮಾತು. ಇದು 1971ರಲ್ಲಿ ತೆರೆದ, 700 ಎಕರೆಗೂ ದೊಡ್ಡದಾದ ಕಾಡಿನಂಥ ಜಾಗ. ಒಳಗೆ ಎಲ್ಲೆಂದರಲ್ಲಿಗೆ ಕಾರು ಒಯ್ದು ನಿಲ್ಲಿಸುವಂತಿಲ್ಲ, ಅದು ಕ್ಯಾಬಿನ್ ಮುಂದೆಯೇ ಇರುತ್ತದೆ. ಒಳಗಿನ ಬಸ್ಸಿಗೆ ಕಾದು, ದೋಣಿಕಟ್ಟೆಗೆ ಹೋಗಿ, ಅಲ್ಲಿಂದ ದೋಣಿಯಲ್ಲಿ ಡಿಸ್ನಿ ವರ್ಲ್ಡ್‌ನ ಪಾರ್ಕುಗಳಲ್ಲೊಂದಾದ ಮ್ಯಾಜಿಕ್ ಕಿಂಗ್‌ಡಮ್ ತಲುಪಬೇಕು. ದೋಣಿ ಮಕ್ಕಳಿಗೆ ಬಲು ಇಷ್ಟ. ಬಸ್ಸಿನಲ್ಲಿ ಮಾತ್ರ ಪ್ರತಿ ಸಲವೂ ಸ್ಟ್ರೋಲರ್ ಮಡಚಬೇಕು, ನಿದ್ದೆ ಹೋದ ಮಗುವನ್ನು ಹೆಗಲಿಗೆ ಹಾಕಿಕೊಂಡು ಅದನ್ನು ಮಾಡುವುದು ಕಷ್ಟ. ಮಂಡಿ ನೋವಿನ ಹಿರಿಯರಿದ್ದರೆ ಗಾಲ್ಫ್ ಕಾರ್ಟ್ ಬಾಡಿಗೆಗೆ ತೆಗೆದುಕೊಳ್ಳಿ. ಕಡಿಮೆ ದುಡ್ಡಲ್ಲ, ಬೇಗ ಖಾಲಿಯೂ ಆಗುತ್ತವೆ, ಹಾಗಾಗಿ ಕ್ಯಾಬಿನ್ ಜೊತೆಗೇ ಬುಕ್ ಮಾಡಿ. ಡಿಸ್ನಿ ಹೋಟೆಲುಗಳಲ್ಲಿ ಇಳಿದವರನ್ನು ಪಾರ್ಕಿಗೆ ಅರ್ಧ ಗಂಟೆ ಮೊದಲೇ ಬಿಡುತ್ತಾರೆ. ಅದನ್ನು ಹಿಡಿಯಲೇಬೇಕೆಂದು ಮಕ್ಕಳನ್ನು ಕತ್ತಲಲ್ಲಿ ಎಬ್ಬಿಸಬೇಡಿ, ದಿನವಿಡೀ ಅಳುತ್ತವೆ.

ಪಾರ್ಕಿಲ್ಲದ ದಿನ ಏನು ಮಾಡುವುದು ಅಂತೀರಾ? ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಗಾಡಿ ಎಳೆಯುವ ಕುದುರೆಗಳು ಇರುವುದು ಇಲ್ಲಿನ ಲಾಯದಲ್ಲೇ. ಹೋಗಿ ನೋಡುವುದಕ್ಕೆ ದುಡ್ಡಿಲ್ಲ. ಆಮೇಲೆ ಈಜುಕೊಳ. ಸಂಜೆ ಡಿಸ್ನಿ ಕಾರ್ಟೂನಿನ ಅಳಿಲುಗಳಾದ ಚಿಪ್ ಮತ್ತು ಡೇಲ್ ಬಂದು ಬೆಂಕಿಯ ಸುತ್ತ ಕೂರಿಸಿ ಹಾಡಿಸುವ ಕಾರ್ಯಕ್ರಮವೂ ಪುಕ್ಕಟೆ. ನೀವು ಸಸ್ಯಾಹಾರಿಗಳಾದರೆ ಗಮನಿಸಿ, ಅಲ್ಲಿ ಸುಟ್ಟು ತಿನ್ನುವ ಮಾಮೂಲಿ ಮಾರ್ಷ್‌ಮ್ಯಾಲೋದಲ್ಲಿ ಪ್ರಾಣಿಗಳಿಂದ ತೆಗೆಯುವ ಜೆಲಟಿನ್ ಇರುತ್ತದೆ. ಸಸ್ಯಾಹಾರಿಯದನ್ನು ಮನೆಯಿಂದಲೇ ಒಯ್ಯಿರಿ. ರಾತ್ರಿ ಕೆರೆ ದಂಡೆಯಿಂದ ದೀಪದ ದೋಣಿಗಳ ಮೆರವಣಿಗೆ ಕಾಣುತ್ತದೆ. ಆದರೆ ನೀರಿನ ಹತ್ತಿರ ಮಗುವಿನ ಕೈ ಬಿಡಲೇಬೇಡಿ. ಫ್ಲೋರಿಡಾದ ಕೆರೆಗಳಲ್ಲಿ ಮೊಸಳೆ ಜಾತಿಯ ಆಲಿಗೇಟರ್ ಇರುತ್ತವೆ, ಅಲ್ಲಿ ಹಾಕಿರುವ ಬೋರ್ಡು ಶೋಕಿಗಲ್ಲ.

ಟಿಕೆಟ್ ವಿಷಯ: ಮೂರು ತುಂಬದ ಮಗುವಿಗೆ ಪಾರ್ಕ್ ಟಿಕೆಟ್ ಬೇಡ. ರೈಡ್ ಹತ್ತಲು ಎತ್ತರ ಸಾಲದ ಮಗು ಇದ್ದರೆ ರೈಡರ್ ಸ್ವಿಚ್ ಕೇಳಿ, ಒಬ್ಬರು ಮಗುವಿನ ಜೊತೆ ಉಳಿದು ಆಮೇಲೆ ಪೂರ್ತಿ ಸಾಲು ನಿಲ್ಲದೆ ಹತ್ತಬಹುದು.

ಬಸ್ಸು ಬದಲಿಸುವುದು ಅಪ್ಪ-ಅಮ್ಮನಿಗೆ ಆಗುವುದೇ ಇಲ್ಲ ಎಂದಾದರೆ ಆರ್ಟ್ ಆಫ್ ಆ್ಯನಿಮೇಷನ್ ಹೋಟೆಲಿನ ಫ್ಯಾಮಿಲಿ ಸೂಟ್ ನೋಡಿ. ಅಲ್ಲೂ ಆರು ಜನ ಮಲಗಬಹುದು, ಬಾತ್‌ರೂಮ್ ಎರಡು. ಕೇಬಲ್ ಕಾರಿನಲ್ಲಿ ಇನ್ನೊಂದು ಪಾರ್ಕಾದ ಎಪ್ಕಾಟ್‌ಗೆ ಹೋಗಬಹುದು. ಒಲೆ ಇಲ್ಲ, ಮೈಕ್ರೋವೇವ್ ಮಾತ್ರ. ಅಪ್ಪ-ಅಮ್ಮ ಅಷ್ಟು ದಿನ ಸಾರಿಲ್ಲದೆ ಇರುತ್ತಾರಾ ಎಂದು ಅವರನ್ನೇ ಕೇಳಿ ಬುಕ್ ಮಾಡಿ.