ಜಿ ಪ್ರೋಟೀನ್‌ಗಳನ್ನು ಕುರಿತ ನಿಮ್ಮ ಲೇಖನದ ಬಗ್ಗೆ

ಮಾನ್ಯರೇ,

ಜೀವಕೋಶಗಳ ಸಂಕೇತ ವ್ಯವಸ್ಥೆಯಲ್ಲಿ, ಹೊರಗಿನ ಸಂದೇಶವನ್ನು ಕೋಶದೊಳಕ್ಕೆ ದಾಟಿಸುವ ಜಿ ಪ್ರೋಟೀನ್‌ಗಳ ಪಾತ್ರವನ್ನು ಕುರಿತು ನೀವು ಕಳುಹಿಸಿದ ಲೇಖನವನ್ನು ಗಮನವಿಟ್ಟು ಓದಿದೆ. ಇಂಥ ವಿಷಯವನ್ನು ಕನ್ನಡದಲ್ಲಿ ಬರೆಯಲು ಮುಂದಾದದ್ದು ಸಂತೋಷದ ಸಂಗತಿ. ಆದರೆ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾಗದು.

ಜಿಟಿಪಿ ಎಂಬ, ಮೂರು ಫಾಸ್ಫೇಟ್ ಗುಂಪುಗಳುಳ್ಳ ಅಣು ಒಡೆದಾಗ ಬಿಡುಗಡೆಯಾಗುವ ಶಕ್ತಿಯಿಂದ ಈ ಪ್ರೋಟೀನ್ ಕೆಲಸ ಆರಂಭಿಸುತ್ತದೆ ಎಂದು ಬರೆದಿದ್ದೀರಿ. ನಡೆಯುವುದು ಇದಕ್ಕೆ ತದ್ವಿರುದ್ಧ. ಹೊರಗಿನಿಂದ ಬಂದ ಹಾರ್ಮೋನು ಕೋಶಪೊರೆಯಲ್ಲಿರುವ ಗ್ರಾಹಕವೆಂಬ ಪ್ರೋಟೀನಿಗೆ ಅಂಟಿಕೊಂಡಾಗ, ಆ ಪೊರೆಯ ಒಳಮೈಯಲ್ಲಿರುವ ಜಿ ಪ್ರೋಟೀನಿನ ಆಲ್ಫಾ ಘಟಕವು ತಾನು ಹಿಡಿದುಕೊಂಡಿದ್ದ ಜಿಡಿಪಿಯನ್ನು (ಒಂದು ಫಾಸ್ಫೇಟ್ ಕಳೆದುಕೊಂಡ ಜಿಟಿಪಿಯನ್ನು) ಬಿಟ್ಟು ಜಿಟಿಪಿಯನ್ನು ಹಿಡಿಯುತ್ತದೆ, ಉಳಿದೆರಡು ಘಟಕಗಳಾದ ಬೀಟಾ-ಗಾಮಾ ಜೋಡಿಯಿಂದ ಬೇರ್ಪಡುತ್ತದೆ, ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ಅಣುವನ್ನು ತಯಾರಿಸುವ ಅಡಿನೈಲೇಟ್ ಸೈಕ್ಲೇಸ್‌ನಂಥ ಕಿಣ್ವವನ್ನು ಚುರುಕುಗೊಳಿಸುತ್ತದೆ. ಸ್ವಲ್ಪ ಹೊತ್ತಿನ ಬಳಿಕ ಅದೇ ಘಟಕ ಜಿಟಿಪಿಯನ್ನು ಒಡೆದು ಜಿಡಿಪಿಯಾಗಿಸಿದಾಗ ಸಂಕೇತ ನಿಲ್ಲುತ್ತದೆ.

ಹೀಗೆ ನಿಲ್ಲುವುದು ಎಷ್ಟು ಮುಖ್ಯ ಎಂಬುದಕ್ಕೆ ಪುರಾವೆ ನಿಮ್ಮ ಕೈಯಲ್ಲೇ ಇತ್ತು. ‘ಕಾಲರಾ ಮುಂತಾದ ರೋಗಗಳಲ್ಲಿಯೂ ಇವುಗಳ ಪಾತ್ರವಿದೆ’ ಎಂಬ ಒಂದೇ ವಾಕ್ಯದಲ್ಲಿ ಅದನ್ನು ಮುಗಿಸಿಬಿಟ್ಟಿದ್ದೀರಿ. ಕಾಲರಾ ವಿಷವು ಕರುಳಿನ ಕೋಶವನ್ನು ಹೊಕ್ಕು ಆಲ್ಫಾ ಘಟಕಕ್ಕೆ ಒಂದು ರಾಸಾಯನಿಕ ಗುಂಪನ್ನು ಜೋಡಿಸುತ್ತದೆ. ಅಲ್ಲಿಂದ ಮುಂದೆ ಆ ಘಟಕಕ್ಕೆ ಜಿಟಿಪಿಯನ್ನು ಒಡೆಯಲಾಗದೆ, ಕಿಣ್ವವು ನಿಲ್ಲದೆ ದುಡಿದು ಸೈಕ್ಲಿಕ್ ಎಎಂಪಿಯ ಮಟ್ಟ ಏರಿ, ಕ್ಲೋರೈಡ್ ಅಯಾನುಗಳೂ ಅವುಗಳ ಬೆನ್ನಿಗೇ ನೀರೂ ಕರುಳಿಗೆ ಸುರಿಯುತ್ತವೆ. ತೀವ್ರ ಕಾಲರಾದಲ್ಲಿ ರೋಗಿಯ ದೇಹದಿಂದ ಗಂಟೆಗೆ 1 ಲೀಟರ್‌ನಷ್ಟು ನೀರು ಹೋಗಬಹುದು. ಇಂಥದೊಂದು ವಿಷವಿದೆಯೆಂದು ಮೊಲದ ಕರುಳಿನ ಪ್ರಯೋಗಗಳಿಂದ 1959ರಲ್ಲಿ ತೋರಿಸಿಕೊಟ್ಟವರು ಕಲ್ಕತ್ತೆಯ ಶಂಭುನಾಥ ಡೇ. ನೊಬೆಲ್ ಪಡೆದವರನ್ನೆಲ್ಲ ನೆನೆದ ಲೇಖನದಲ್ಲಿ ಅವರ ಹೆಸರೇ ಇಲ್ಲದಿರುವುದು ನನಗೆ ಬೇಸರ ತಂದಿತು. ಲೇಖನವನ್ನು ಕಾಲರಾದಿಂದಲೇ ಆರಂಭಿಸಿ; ಪ್ರೋಟೀನಿನ ರಚನೆಯ ವಿವರಗಳನ್ನು ಓದುಗರು ಆಮೇಲೆ ತಾವಾಗಿಯೇ ಕೇಳುತ್ತಾರೆ.

ಇತಿಹಾಸದ ಭಾಗದಲ್ಲಿ ಎರಡು ಪ್ರಶಸ್ತಿಗಳು ಬೆರೆತುಹೋಗಿವೆ. ಜಿ ಪ್ರೋಟೀನ್‌ಗಳ ಶೋಧಕ್ಕಾಗಿ 1994ರಲ್ಲಿ ನೊಬೆಲ್ ಪಡೆದವರು ಆಲ್ಫ್ರೆಡ್ ಗಿಲ್ಮನ್ ಮತ್ತು ಮಾರ್ಟಿನ್ ರಾಡ್‌ಬೆಲ್; 2012ರ ರಸಾಯನಶಾಸ್ತ್ರದ ನೊಬೆಲ್ ಬಂದದ್ದು ಗ್ರಾಹಕಗಳ ಅಧ್ಯಯನಕ್ಕಾಗಿ, ರಾಬರ್ಟ್ ಲೆಫ್ಕೊವಿಟ್ಜ್ ಮತ್ತು ಬ್ರಯಾನ್ ಕೊಬಿಲ್ಕಾ ಅವರಿಗೆ. ಗ್ರಾಹಕ ಬೇರೆ, ಜಿ ಪ್ರೋಟೀನ್ ಬೇರೆ ಎಂಬುದು ಲೇಖನದ ಉದ್ದಕ್ಕೂ ಸ್ಪಷ್ಟವಾಗಿರಬೇಕು. ಪ್ರಶಸ್ತಿಗಳ ಪಟ್ಟಿಯನ್ನು ಕುಗ್ಗಿಸಿ, ಇಲಿಯ ಯಕೃತ್ತಿನ ಪೊರೆಗಳ ಮೇಲಿನ ಪ್ರಯೋಗಗಳಲ್ಲಿ ತಾನು ಬಳಸಿದ ಎಟಿಪಿ ಎಂಬ ಶಕ್ತಿವಾಹಕ ರಾಸಾಯನಿಕದೊಳಗೆ ಬೆರೆತಿದ್ದ ಜಿಟಿಪಿಯೇ ಗ್ಲೂಕಗಾನ್ ಹಾರ್ಮೋನ್‌ನ ಪರಿಣಾಮಕ್ಕೆ ಅಗತ್ಯವಾದ ವಸ್ತುವೆಂದು ರಾಡ್‌ಬೆಲ್ ಕಂಡುಕೊಂಡ ಪ್ರಸಂಗವನ್ನು ವಿಸ್ತರಿಸಿ.

ಒಂದೇ ಪುಟದಲ್ಲಿ ಜಿ ಪ್ರೋಟೀನನ್ನು ಅಂಚೆಯವನಿಗೂ ಕಾವಲುಗಾರನಿಗೂ ಹೋಲಿಸಿದ್ದೀರಿ. ಎರಡನ್ನೂ ತೆಗೆದುಬಿಡಿ. ನಾಯಿಕೆಮ್ಮಿನ ವಿಷದ ಪ್ರಸ್ತಾಪ ಮಾತ್ರ ಉಳಿಯಲಿ, ಆದರೆ ಕಾಲರಾ ವಿಷದಂತೆಯೇ ಅದೂ ಕೆಲಸ ಮಾಡುತ್ತದೆ ಎಂಬ ಮಾತನ್ನು ತಿದ್ದಿ: ಅದು ಅಡಿನೈಲೇಟ್ ಸೈಕ್ಲೇಸನ್ನು ತಡೆಯುವ ಬೇರೊಂದು ಜಿ ಪ್ರೋಟೀನಿಗೂ ಗ್ರಾಹಕಕ್ಕೂ ಇರುವ ಸಂಪರ್ಕವನ್ನೇ ಕಡಿದುಹಾಕುತ್ತದೆ. ತಿದ್ದಿದ ಪ್ರತಿಯನ್ನು ನನ್ನ ಹೆಸರಿಗೇ ಕಳುಹಿಸಿ.

ಸಂಪಾದಕ