ಕೆಲಸ ಬಿಟ್ಟು ಹೋಗುವವರನ್ನು ತಡೆಯಬಹುದಾ? ಅವರು ಬರೆದ ಕೋಡ್ ಯಾರದು?

ನಿಮ್ಮ ಪ್ರಶ್ನೆ ಇಷ್ಟು: ಹದಿನೈದು ಜನರ ಸಾಫ್ಟ್‌ವೇರ್ ಕಂಪನಿ, ಹೆಚ್ಚಿನವರು ಭಾರತದಲ್ಲಿ, ಇಬ್ಬರು ಅಮೆರಿಕದಲ್ಲಿ, ಒಂದಿಷ್ಟು ಕೆಲಸ ಫ್ರೀಲ್ಯಾನ್ಸರ್‌ಗಳದ್ದು. ಸೀನಿಯರ್ ಒಬ್ಬರು ರಾಜೀನಾಮೆ ಕೊಟ್ಟು ನಿಮ್ಮದೇ ಲೈನಿನ ಇನ್ನೊಂದು ಕಂಪನಿಗೆ ಹೊರಟಿದ್ದಾರೆ. ಅವರನ್ನು ತಡೆಯಬಹುದಾ, ಕಾನೂನಿನಲ್ಲಿ ಈಚೆಗೆ ಏನೇನು ಬದಲಾಗಿದೆ, ಒಪ್ಪಂದದಲ್ಲಿ ಏನು ತಿದ್ದಬೇಕು, ಎಐ ಬರೆದ ಕೋಡ್ ಕಥೆ ಏನು ಅಂತ ಕೇಳಿದ್ದೀರಿ.

ನಾನು ಲಾಯರ್ ಅಲ್ಲ. ಸಣ್ಣ ಕಂಪನಿಗಳಲ್ಲಿ ನೇಮಕಾತಿ ಮತ್ತು ಒಪ್ಪಂದಗಳ ಕೆಲಸ ನೋಡಿಕೊಂಡು ಬಂದವನು. ನೇರವಾಗಿ ಹೇಳ್ತೀನಿ: ಮನುಷ್ಯರನ್ನು ಹಿಡಿದಿಡುವ ಆಸೆ ಬಿಡಿ, ಅವರು ಮಾಡಿದ ಕೆಲಸ ನಿಮ್ಮ ಹೆಸರಿನಲ್ಲಿದೆಯಾ ಅಂತ ನೋಡಿ. ಎಷ್ಟೋ ಕಂಪನಿಗಳು ಮೊದಲನೆಯದಕ್ಕೆ ಎರಡು ಪುಟ ಬರೆದಿರುತ್ತವೆ, ಎರಡನೆಯದಕ್ಕೆ ಒಂದೇ ಸಾಲು, ಅದೂ ತಪ್ಪಾಗಿರುತ್ತದೆ.

ನಾನ್-ಕಂಪೀಟ್, ಅಂದರೆ ಪೈಪೋಟಿ ಕಂಪನಿಗೆ ದುಡಿಯಬಾರದು ಅನ್ನುವ ಷರತ್ತಿನ ವಿಷಯ ಮೊದಲು. ಭಾರತದಲ್ಲಿ ಗುತ್ತಿಗೆ ಕಾಯ್ದೆಯ 27ನೇ ಸೆಕ್ಷನ್ 1872ರಿಂದಲೂ ಇದೆ. ಒಬ್ಬರು ತಮ್ಮ ಉದ್ಯೋಗ ಮಾಡದಂತೆ ತಡೆಯುವ ಒಪ್ಪಂದ ಆ ಮಟ್ಟಿಗೆ ಅನೂರ್ಜಿತ ಅನ್ನುತ್ತದೆ ಅದು. ಕೆಲಸದಲ್ಲಿರುವಾಗ ಬೇರೆ ಕಡೆ ದುಡಿಯಬಾರದು ಅನ್ನುವ ಷರತ್ತು ಹಾಕಬಹುದು, ಅದನ್ನು ಸುಪ್ರೀಂ ಕೋರ್ಟ್ 1967ರಲ್ಲೇ ಒಪ್ಪಿದೆ. ಬಿಟ್ಟ ಮೇಲಿನದು ನಿಲ್ಲುವುದಿಲ್ಲ. 2025ರ ಜೂನ್‌ನಲ್ಲಿ ದೆಹಲಿ ಹೈಕೋರ್ಟ್ ಮತ್ತೆ ಅದನ್ನೇ ಹೇಳಿತು. ಕಂಪನಿ ಬಿಟ್ಟ ಎಂಜಿನಿಯರ್ ಒಬ್ಬರು ಆ ಕಂಪನಿಯ ಗ್ರಾಹಕ ಸಂಸ್ಥೆಗೇ ಕೆಲಸಕ್ಕೆ ಸೇರಿದ್ದರು, ಒಪ್ಪಂದದಲ್ಲಿ ಮೂರು ವರ್ಷದ ತಡೆ ಇತ್ತು, ಕೆಳಗಿನ ಕೋರ್ಟ್ ತಡೆಯಾಜ್ಞೆಯನ್ನೂ ಕೊಟ್ಟಿತ್ತು. ಹೈಕೋರ್ಟ್ ಅದನ್ನು ರದ್ದು ಮಾಡಿತು.

ಅಮೆರಿಕದ್ದು ಗೊಂದಲ ಜಾಸ್ತಿ. ವ್ಯಾಪಾರ ಸ್ಪರ್ಧೆಯ ಮೇಲೆ ಕಣ್ಣಿಡುವ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2024ರ ಏಪ್ರಿಲ್‌ನಲ್ಲಿ ದೇಶಾದ್ಯಂತ ನಾನ್-ಕಂಪೀಟ್ ನಿಷೇಧಿಸುವ ನಿಯಮ ತಂದಿತು, ಆಗಸ್ಟ್‌ನಲ್ಲಿ ಟೆಕ್ಸಾಸ್‌ನ ಫೆಡರಲ್ ಕೋರ್ಟ್ ಅದನ್ನು ತಳ್ಳಿಹಾಕಿತು, 2025ರ ಸೆಪ್ಟೆಂಬರ್‌ನಲ್ಲಿ ಕಮಿಷನ್ ತನ್ನ ಮೇಲ್ಮನವಿಯನ್ನೂ ಕೈಬಿಟ್ಟಿತು. ಹಾಗಾಗಿ ಈಗ ರಾಜ್ಯಕ್ಕೊಂದು ಕಾನೂನು. ನಿಮ್ಮ ಆ ಇಬ್ಬರು ಯಾವ ರಾಜ್ಯದಲ್ಲಿದ್ದಾರೆ ಅನ್ನುವುದೇ ಮುಖ್ಯ. ಕ್ಯಾಲಿಫೋರ್ನಿಯಾದಲ್ಲಿದ್ದರೆ ಆ ಷರತ್ತನ್ನು ಒಪ್ಪಂದದಲ್ಲಿ ಸುಮ್ನೆ ಇಟ್ಟುಕೊಳ್ಳುವುದೂ ತಪ್ಪು. 2024ರ ಜನವರಿಯಿಂದ ಅದನ್ನು ಸೇರಿಸುವುದೇ ಕಾನೂನುಬಾಹಿರ, ಹಳೆಯ ಒಪ್ಪಂದಗಳಲ್ಲಿ ಇದ್ದರೆ ಅದು ಅನೂರ್ಜಿತ ಅಂತ ಆ ವರ್ಷದ ಫೆಬ್ರವರಿ 14ರೊಳಗೆ ನೌಕರರಿಗೆ ಬರೆದು ತಿಳಿಸಬೇಕಿತ್ತು. ಒಂದು ವಿಷಯ ನನಗೆ ಬಹಳ ಇಷ್ಟ: ಕ್ಯಾಲಿಫೋರ್ನಿಯಾದ ಈ ಸೆಕ್ಷನ್‌ನ ಮೂಲವೂ 1872ರದ್ದೇ, ನಮ್ಮ 27ನೆಯದೂ ಅದೂ ಎರಡೂ ಹುಟ್ಟಿದ್ದು ನ್ಯೂಯಾರ್ಕಿಗೆಂದು ಡೇವಿಡ್ ಡಡ್ಲಿ ಫೀಲ್ಡ್ ಅನ್ನುವ ಲಾಯರ್ ತಯಾರಿಸಿದ ಒಂದೇ ಕಾನೂನು ಕರಡಿನಿಂದ.

ಹಾಗಂತ ನಿಮ್ಮ ಕೈಯಲ್ಲಿ ಏನೂ ಇಲ್ಲ ಅಂತಲ್ಲ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ, ಮೂರು ವರ್ಷಕ್ಕೆ ಮುಂಚೆ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕೆನ್ನುವ ಬಾಂಡನ್ನು ಎತ್ತಿಹಿಡಿಯಿತು. ಅದು ಸಾರ್ವಜನಿಕ ವಲಯದ ಬ್ಯಾಂಕು, ನೇಮಕಾತಿಗೆ ಜಾಹೀರಾತು, ಆಯ್ಕೆ ಅಂತ ನಿಜವಾದ ಖರ್ಚು ಇರುತ್ತದೆ, ಕೋರ್ಟ್ ಅದನ್ನೂ ಗಮನಿಸಿತು. ಇದನ್ನು ನೋಡಿ ಹೊಸದಾಗಿ ಸೇರಿದ ಹುಡುಗರಿಗೆಲ್ಲ ದೊಡ್ಡ ಮೊತ್ತದ ಬಾಂಡ್ ಹಾಕಬೇಡಿ ದಯವಿಟ್ಟು. ತರಬೇತಿಗೆ ನಿಜಕ್ಕೂ ಹಣ ಹಾಕಿದ್ದರೆ, ಅದರ ಲೆಕ್ಕ ಇದ್ದರೆ, ಆ ಅಳತೆಗೆ ತಕ್ಕ ಬಾಂಡ್ ಸರಿ.

ಈಗ ನಿಜವಾಗಿ ನಿದ್ದೆ ಕೆಡಿಸಬೇಕಾದ ವಿಷಯ. ಕೋಡ್ ಯಾರದು?

ಸಂಬಳದ ನೌಕರರು ಕೆಲಸದ ಭಾಗವಾಗಿ ಬರೆದದ್ದರ ಕಾಪಿರೈಟ್, ಬೇರೆ ಒಪ್ಪಂದ ಇಲ್ಲದಿದ್ದರೆ, ಕಂಪನಿಯದ್ದು. ಭಾರತದ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಹೇಳುವುದೂ ಅದನ್ನೇ. ಫ್ರೀಲ್ಯಾನ್ಸರ್ ಬರೆದ ಕೋಡ್ ಹಾಗಲ್ಲ. ನೀವು ಪೂರ್ತಿ ದುಡ್ಡು ಕೊಟ್ಟಿದ್ದರೂ ಅದು ಅವರದ್ದೇ, ಅವರು ಹಕ್ಕನ್ನು ನಿಮಗೆ ಬರೆದುಕೊಟ್ಟು ಸಹಿ ಹಾಕುವವರೆಗೆ. ಇನ್ನೂ ಒಂದು: ಬರೆದುಕೊಟ್ಟ ಪತ್ರದಲ್ಲಿ ಎಷ್ಟು ವರ್ಷಕ್ಕೆ ಅಂತ ಇಲ್ಲದಿದ್ದರೆ 19ನೇ ಸೆಕ್ಷನ್ ಪ್ರಕಾರ ಐದೇ ವರ್ಷ ಅಂತ ಲೆಕ್ಕ. ಎಲ್ಲೆಲ್ಲಿಗೆ ಅಂತ ಇಲ್ಲದಿದ್ದರೆ ಭಾರತಕ್ಕೆ ಮಾತ್ರ. ಅಮೆರಿಕದಲ್ಲಿ ಗ್ರಾಹಕರಿರುವ ನಿಮ್ಮಂಥವರಿಗೆ ಇದು ಎಂಥಾ ಹೊಡೆತ, ಅಲ್ವಾ?

ನಾನು ಇದನ್ನು ಕಲಿತದ್ದು ಪುಸ್ತಕದಿಂದಲ್ಲ. ನಾನಿದ್ದ ಒಂದು ಕಂಪನಿಯನ್ನು ಇನ್ನೊಬ್ಬರು ಕೊಳ್ಳಲು ಬಂದಿದ್ದರು. ಅವರ ಲಾಯರ್ ಕಳಿಸಿದ ಪಟ್ಟಿಯಲ್ಲಿ ಒಂದು ಸಾಲು: ಬಿಲ್ಲಿಂಗ್ ಮಾಡ್ಯೂಲ್ ಬರೆದವರ ಹಕ್ಕು ವರ್ಗಾವಣೆ ಪತ್ರ ಕೊಡಿ. ಬರೆದದ್ದು ಒಬ್ಬ ಫ್ರೀಲ್ಯಾನ್ಸರ್. ನಮ್ಮ ಹತ್ತಿರ ಇದ್ದದ್ದು ನಾಲ್ಕು ಇನ್‌ವಾಯ್ಸ್, ಜೊತೆಗೆ 'ಫೈನಲ್ ಫೈಲ್ ಅಟ್ಯಾಚ್ ಮಾಡಿದ್ದೇನೆ, ಥ್ಯಾಂಕ್ಸ್' ಅನ್ನುವ ಒಂದು ಇಮೇಲ್. ಫೋನ್ ನಂಬರ್ ಬದಲಾಗಿತ್ತು. ಅವರನ್ನು ಹುಡುಕಿ ಸಹಿ ಹಾಕಿಸುವಷ್ಟರಲ್ಲಿ ಏಳು ವಾರ ಹೋಯಿತು. ಅವರು ಒಳ್ಳೆಯವರು, ಹೆಚ್ಚಿಗೆ ಏನೂ ಕೇಳಲಿಲ್ಲ. ಕೇಳಿದ್ದರೆ ಕೊಡದೆ ಬೇರೆ ದಾರಿ ಇರಲಿಲ್ಲ.

ಪೇಟೆಂಟ್ ಆಗುವಂಥ ಕೆಲಸ ಇದ್ದರೆ ಪದಗಳನ್ನು ಇನ್ನೂ ಹುಷಾರಾಗಿ ನೋಡಿ. ಅಮೆರಿಕದ ಸ್ಟ್ಯಾನ್‌ಫರ್ಡ್-ರೋಶ್ ಪ್ರಕರಣ ಹಳೆಯದು, 2011ರದ್ದು, ಆದರೂ ನನ್ನ ಪ್ರಕಾರ ಪ್ರತಿ ಮಾಲೀಕರೂ ತಿಳಿದಿರಬೇಕು. ವಿಶ್ವವಿದ್ಯಾಲಯದ ಸಂಶೋಧಕರೊಬ್ಬರು ಹಕ್ಕನ್ನು 'ಬರೆದುಕೊಡಲು ಒಪ್ಪುತ್ತೇನೆ' ಅಂತ ಸ್ಟ್ಯಾನ್‌ಫರ್ಡ್‌ಗೆ ಸಹಿ ಹಾಕಿದ್ದರು. ಆಮೇಲೆ ಒಂದು ತಂತ್ರ ಕಲಿಯಲು ಸೀಟಸ್ ಅನ್ನುವ ಕಂಪನಿಗೆ ಹೋದಾಗ ಆ ಕಂಪನಿ ಕೊಟ್ಟ ಕಾಗದಕ್ಕೂ ಸಹಿ ಹಾಕಿದರು. ಅದರಲ್ಲಿ ಇದ್ದದ್ದು 'ಈ ಮೂಲಕ ಬರೆದುಕೊಡುತ್ತೇನೆ' ಅಂತ. ಎರಡನೆಯದೇ ಗೆದ್ದಿತು. ಸೀಟಸ್‌ನ ಹಕ್ಕು ಕೊಂಡಿದ್ದ ರೋಶ್ ಪಾಲಿಗೆ ಆ ಪೇಟೆಂಟ್‌ನಲ್ಲಿ ಭಾಗ ಬಂತು. ಜಮೀನಿನ ಕ್ರಯದ ಕರಾರಿಗೂ ಕ್ರಯಪತ್ರಕ್ಕೂ ಇರುವ ವ್ಯತ್ಯಾಸ ನೆನಪಿಸಿಕೊಳ್ಳಿ, ಇದೂ ಹಾಗೇ. ನಿಮ್ಮ ಆಫರ್ ಲೆಟರ್ ತೆಗೆದು ಕ್ರಿಯಾಪದ ಯಾವುದಿದೆ ನೋಡಿ.

ಎಐ ಬಗ್ಗೆ ಕೇಳಿದ್ದೀರಿ. 2025ರ ಮಾರ್ಚ್‌ನಲ್ಲಿ ವಾಷಿಂಗ್ಟನ್‌ನ ಫೆಡರಲ್ ಮೇಲ್ಮನವಿ ಕೋರ್ಟ್ ಥೇಲರ್ ಪ್ರಕರಣದಲ್ಲಿ, ಮನುಷ್ಯ ಕರ್ತೃ ಇಲ್ಲದ ಕೃತಿಗೆ ಕಾಪಿರೈಟ್ ಇಲ್ಲ ಅಂತ ಹೇಳಿತು. ಬರೀ ಪ್ರಾಂಪ್ಟ್ (ಎಐಗೆ ಬರೆಯುವ ಸೂಚನೆ) ಕೊಟ್ಟರೆ ಸಾಲದು ಅಂತ ಅಲ್ಲಿನ ಕಾಪಿರೈಟ್ ಆಫೀಸ್ ಅದಕ್ಕೆ ಮುಂಚೆ ಜನವರಿಯಲ್ಲೇ ವರದಿ ಕೊಟ್ಟಿತ್ತು. ಭಾರತದ ಕಾಯ್ದೆಯಲ್ಲಿ ಕಂಪ್ಯೂಟರ್ ತಯಾರಿಸಿದ ಕೃತಿಗೆ 'ಅದು ತಯಾರಾಗಲು ಕಾರಣರಾದವರು' ಕರ್ತೃ ಅನ್ನುವ ಮಾತಿದೆ, ಆದರೆ ಅದು 1994ರಲ್ಲಿ ಸೇರಿಸಿದ್ದು, ಇವತ್ತಿನ ಎಐ ಮನಸ್ಸಿನಲ್ಲಿಟ್ಟು ಬರೆದದ್ದಲ್ಲ. ಅದನ್ನೇ ನಂಬಿ ಕೂರಬೇಡಿ. ಯಾವ ಭಾಗ ಎಐ ಕೊಟ್ಟದ್ದು, ಯಾವುದನ್ನು ನಿಮ್ಮವರು ತಿದ್ದಿ ಕಟ್ಟಿದ್ದು ಅನ್ನುವುದು ಕಮಿಟ್ ಮೆಸೇಜ್‌ಗಳಲ್ಲೇ, ಅಂದರೆ ಕೋಡಿನ ಪ್ರತಿ ಬದಲಾವಣೆ ಉಳಿಸುವಾಗ ಬರೆಯುವ ಟಿಪ್ಪಣಿಗಳಲ್ಲೇ, ದಾಖಲಾಗುವಂತೆ ಮಾಡಿ. ಗ್ರಾಹಕರ ಕೋಡನ್ನು ಹೊರಗಿನ ಎಐಗೆ ಪೇಸ್ಟ್ ಮಾಡಬಾರದು ಅಂತ ಬರಹದಲ್ಲಿ ಕೊಡಿ, ಬಾಯಿಮಾತಲ್ಲಿ ಬೇಡ.

ಕಾರ್ಮಿಕ ಕಾನೂನಿನ ಬದಲಾವಣೆ ದೊಡ್ಡದು, ಆದರೆ ನಿಮಗೆ ಬೇಕಾದಷ್ಟೇ ಹೇಳ್ತೀನಿ. 29 ಹಳೆಯ ಕಾಯ್ದೆಗಳ ಜಾಗದಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಯಲ್ಲಿವೆ. ನೇಮಕಾತಿ ಪತ್ರ ಕೊಡಲೇಬೇಕು. ಭತ್ಯೆಗಳು ಒಟ್ಟು ಸಂಬಳದ ಅರ್ಧಕ್ಕಿಂತ ಜಾಸ್ತಿಯಾದರೆ ಮೇಲಿನದ್ದು ವೇತನಕ್ಕೇ ಸೇರುತ್ತದೆ, ಆದ್ದರಿಂದ ಬೇಸಿಕ್ ಕಡಿಮೆ ತೋರಿಸುವ ಹಳೆಯ ಲೆಕ್ಕ ಬದಲಿಸಿಕೊಳ್ಳಿ. ನಿಗದಿತ ಅವಧಿಗೆ ತೆಗೆದುಕೊಂಡವರಿಗೆ ಒಂದು ವರ್ಷಕ್ಕೇ ಗ್ರ್ಯಾಚುಟಿ ಬರುತ್ತದೆ.

ಕೆಲಸ ಬಿಟ್ಟವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ನಿಮ್ಮ ಸೀನಿಯರ್ ವಿಷಯಕ್ಕೆ ಇದೇ ಬರುತ್ತದೆ. ಸಿಟ್ಟಿನಲ್ಲಿ ಸಂಬಳ ತಡೆಹಿಡಿಯಬೇಡಿ, ರಿಲೀವಿಂಗ್ ಲೆಟರ್ ಇಟ್ಟುಕೊಂಡು ಸತಾಯಿಸಬೇಡಿ. ಅವರು ಇಷ್ಟು ವರ್ಷ ನಿಮ್ಮ ಜೊತೆ ದುಡಿದವರು. ಈ ವಾರವೇ ಕೂತು ಮಾತಾಡಿ: ಯಾವ ಮಾಹಿತಿ ಗೌಪ್ಯ ಅಂತ ಹೆಸರು ಹಿಡಿದು ಪಟ್ಟಿ ಮಾಡಿ ಒಪ್ಪಿಗೆ ಪಡೆಯಿರಿ, ಸ್ವಂತ ಲ್ಯಾಪ್‌ಟಾಪಿನಲ್ಲಿ ಕೋಡಿನ ಪ್ರತಿ ಇದ್ದರೆ ಅಳಿಸಿದ್ದೇನೆ ಅಂತ ಬರೆಸಿಕೊಳ್ಳಿ, ಕೊನೆಯ ದಿನ ಸಂಜೆ ರೆಪೊ (ಕೋಡ್ ಇಟ್ಟಿರುವ ಜಾಗ) ಆಕ್ಸೆಸ್ ತೆಗೆಯಿರಿ. ನೌಕರಿ ಒಪ್ಪಂದದಲ್ಲಿ ಪೇಟೆಂಟ್ ಬಗ್ಗೆ ಏನೂ ಇಲ್ಲದಿದ್ದರೆ ಆ ವರ್ಗಾವಣೆ ಪತ್ರಕ್ಕೂ ಅವರಿರುವಾಗಲೇ ಸಹಿ ಕೇಳಿ. ಕರಡನ್ನು ಮಾತ್ರ ಲಾಯರ್ ಹತ್ತಿರ ಓದಿಸಿ, ಅಮೆರಿಕದ ಇಬ್ಬರದ್ದನ್ನು ಆಯಾ ರಾಜ್ಯದ ಲಾಯರ್ ಹತ್ತಿರವೇ.